ಕಡ್ಡಿ ಅಳತೆ

ಮೇ ಕೊನೆಯ ವಾರ. ಹೊಸನಗರದ ಬಸ್ಸು
ಹನ್ನೆರಡೂವರೆಗೆ ಸ್ಟ್ಯಾಂಡಿಗೆ ಬಂದರೆ
ಕಂಡಕ್ಟರ್ ಹಾಲೇಶಿ ಊಟಕ್ಕೂ ಮೊದಲು
ಗಾಂಧಿ ಬಜಾರಿನ ನಮ್ಮಂಗಡಿ ಮೆಟ್ಟಿಲು ಹತ್ತುತ್ತಾನೆ.
ಟಿಕೆಟ್ ಚೀಲದ ಬಾಯಿಂದ ಇಣುಕುತ್ತವೆ
ಪೊರಕೆ ಕಡ್ಡಿಗಳು, ಒಂಬತ್ತೋ ಹತ್ತೋ.
ಒಂದಕ್ಕೆ ನೀಲಿ ದಾರ, ಒಂದಕ್ಕೆ ಹರಿದ ರಿಬ್ಬನ್ನು,
ಒಂದರ ತುದಿಗೆ ಹಲ್ಲಿನ ಗುರುತು.

ಮಕ್ಕಳು ಬರುವುದಿಲ್ಲ. ಬಂದರೆ ದಾರಿಯುದ್ದ ವಾಂತಿ,
ಇಳಿದರೆ ಐಸ್‌ಕ್ರೀಮು.
ಬರುವುದು ಅವರ ಪಾದ ಮಾತ್ರ,
ಗೋಡೆಗೆ ಹಿಮ್ಮಡಿ ಒತ್ತಿ
ಹೆಬ್ಬೆರಳ ಮುಂದೆ ಪಟ್ಟನೆ ಮುರಿದದ್ದು.

ನಮ್ಮ ಮಾಲು ಆಂಬೂರಿನದು, ಮೂಟೆಗಟ್ಟಲೆ.
ಹೊರದೇಶಕ್ಕೆಂದು ಹೊಲಿದು, ಒಂದು ಹೊಲಿಗೆ ತಪ್ಪಿ,
ಹಡಗು ಹತ್ತದೆ ಉಳಿದದ್ದು. ಹಾಗಾಗಿ
ಒಂದೊಂದು ಬೂಟಿನ ನಾಲಿಗೆ ಮೇಲೂ
ಒಂದೊಂದು ದೇಶದ ಮಾತು.
ಅದಕ್ಕೇ ಗೋಡೆಗೆ ನನ್ನ ಪಟ್ಟಿ,
ಹಳೇ ಕ್ಯಾಲೆಂಡರಿನ ಬೆನ್ನಿಗೆ ನಾನೇ ಗೆರೆ ಎಳೆದದ್ದು.

ಇಂಗ್ಲೆಂಡಿನವರದು ಜವೆಕಾಳಿನ ಲೆಕ್ಕ,
ಒಂದು ಕಾಳು ಮುಂದೆ ಹೋದರೆ ಒಂದು ನಂಬರು.
ಅಮೆರಿಕದವರು ಅದೇ ಕಾಳು ಇಟ್ಟುಕೊಂಡು
ಎಣಿಕೆ ಮಾತ್ರ ಒಂದಿಷ್ಟು ಮುಂದೆ ತಳ್ಳಿದ್ದಾರೆ,
ಅಣ್ಣನಿಂದ ಪಾಲಾದ ತಮ್ಮ
ಗಡಿಯಾರ ಐದು ನಿಮಿಷ ಮುಂದಿಟ್ಟ ಹಾಗೆ.
ಫ್ರಾನ್ಸಿನವರು ಸೆಂಟಿಮೀಟರನ್ನು ಮೂರು ಮಾಡಿ
ಎರಡು ಪಾಲು ಹಿಡಿಯುತ್ತಾರೆ, ಯಾಕೋ ಕೇಳಬೇಡಿ.
ಜಪಾನಿನವರು ಮಾತ್ರ ಹಾಲೇಶಿಯ ಪೈಕಿ:
ಪಾದ ಎಷ್ಟೋ ಅಷ್ಟೇ ನಂಬರು.

ಇಪ್ಪತ್ತೆಂಟು ಅಂದರೆ ಹತ್ತು, ಹತ್ತು ಅಂದರೆ ಹನ್ನೊಂದು,
ಹನ್ನೊಂದು ಅಂದರೆ ಹದಿನೇಳು.
ಹೊಸಬರ ಮುಂದೆ ಹೀಗಂದರೆ
ಬಡ್ಡಿ ಲೆಕ್ಕವೆಂದು ಜೇಬು ಮುಟ್ಟಿಕೊಳ್ಳುತ್ತಾರೆ.

ಹದಿಮೂರಾದ ಮೇಲೆ ಮತ್ತೆ ಒಂದು.
ರಿಪ್ಪನ್‌ಪೇಟೆಯ ಹುಡುಗನೊಬ್ಬ ಕಡ್ಡಿಗೆ ಚೀಟಿ ಸುತ್ತಿದ್ದ:
‘ಹೋದ್ವರ್ಷ ಕೊಟ್ಟಿದ್ದು ಹದಿಮೂರು, ಈಗ ಒಂದಂತೆ.
ನಾನು ಫೇಲಾ?’
ಇಲ್ಲ ಮಾರಾಯ, ಪಾಸು, ಅಂತ ಬರೆದು
ಬೂಟಿನೊಳಗೆ ಇಟ್ಟು ಕಳಿಸಿದೆ.

ಕಡ್ಡಿಗೆ ಎಷ್ಟು ಸೇರಿಸಬೇಕೆನ್ನುವುದು
ಯಾವ ದೇಶದ ಕಾಲಮ್ಮಿನಲ್ಲೂ ಇಲ್ಲ.
ಜೂನಿನ ಬೂಟು ಮಾರ್ಚ್ ದಾಟಬೇಕು.
ಒಂದು ಬೆರಳಗಲ ಅನ್ನುತ್ತಾರೆ ತಾಯಂದಿರು,
ಅರ್ಧ ಸಾಕು ಅನ್ನುತ್ತೇನೆ ನಾನು. ಕೊನೆಗೆ ಅವರದೇ ಗೆದ್ದು
ಬೂಟಿನ ಮೂತಿಗೆ ಹತ್ತಿ ತುರುಕುತ್ತಾರೆ.

ಈ ಸಲ ಚೀಲದ ತಳದಲ್ಲಿ ಎರಡು ಕಡ್ಡಿ
ಕೆಂಪು ದಾರದಲ್ಲಿ ಒಟ್ಟಿಗೆ ಸುತ್ತಿದ್ದು.
ಒಂದು ಹದಿನಾರೂವರೆ. ಇನ್ನೊಂದು ಹದಿನೆಂಟು.
‘ಅಕ್ಕತಂಗೀರಾ?’ ಅಂದೆ.
ಹಾಲೇಶಿ ಫ್ಯಾನಿನ ಕಡೆ ನೋಡಿದ.
‘ಒಂದೇ ಹುಡುಗಿ. ಆಯನೂರಿನ ಟೈಲರ್ ಚಂದ್ರಿಕನ ಮಗಳು.
ಉದ್ದದ್ದು ಎಡ.’

ಪಟ್ಟಿಯ ಮುಂದೆ ಹೋಗಿ ನಿಂತೆ, ಅಭ್ಯಾಸ.
ಎಂದೂ ಒಂದಾಗದ ನಾಲ್ಕು ದೇಶ
ಇದೊಂದರಲ್ಲಿ ಒಂದಾಗಿದ್ದವು:
ಎರಡು ಪಾದಕ್ಕೆ ಒಂದೇ ನಂಬರು.

ಕಪ್ಪು ಬೂಟು ಎರಡು ಜೋಡಿ ಇಳಿಸಿದೆ.
ಎಡ ಮೂವತ್ತರದು, ಬಲ ಇಪ್ಪತ್ತೆಂಟರದು,
ಒಂದೇ ಡಬ್ಬದಲ್ಲಿ ತಲೆ-ಕಾಲಾಗಿ ಮಲಗಿಸಿದೆ.
ಹಾಲೇಶಿ ಮಡಚಿದ ನೋಟು ಬಿಡಿಸುತ್ತ ಅಂದ:
‘ಎರಡು ಜೋಡಿದೂ ಕೊಟ್ಟಿದಾಳೆ. ಯಾವಾಗ್ಲೂ ಹಂಗೇ ತಗಳದಂತೆ.’
ಒಂದರದು ಎಣಿಸಿಕೊಂಡೆ.
ಉಳಿದದ್ದು ಅವನ ಚೀಲಕ್ಕೇ ತುರುಕಿದೆ.

ಎಡ ಇಪ್ಪತ್ತೆಂಟು, ಬಲ ಮೂವತ್ತು
ನನ್ನ ಮುಂದೆ ಉಳಿದವು.
ಬೇರೆ ಡಬ್ಬಕ್ಕೆ ಹಾಕಿ, ಅಚ್ಚಾದ ನಂಬರು ಹೊಡೆದು,
ಮುಚ್ಚಳದ ಮೇಲೆ ಎರಡು ಗೆರೆ ಎಳೆದೆ,
ಗಿಡ್ಡದೊಂದು, ಉದ್ದದೊಂದು.

ರಾತ್ರಿ ಸ್ಟಾಕು ಬರೆಯುವಾಗ ದಸ್ತಗೀರ್ ಸಾಹೇಬರು
ಕನ್ನಡಕ ಹಣೆಗೇರಿಸಿದರು.
‘ಇದೇನಯ್ಯ, ಒಂಟಿ ಎರಡಾ?’
‘ಜೋಡಿ,’ ಅಂದೆ.
ಡಬ್ಬದೊಳಗೆ ನೋಡಿದರು. ನನ್ನನ್ನು ನೋಡಿದರು.
ಬರೆಯದ ಪೆನ್ನನ್ನು ಎರಡು ಸಲ ಕೊಡವಿದರು.
ಬರೆದರು: ಜೋಡಿ, ಒಂದು.